ಅಟ್ಟದಿಂದ ಇಳಿದ ಪಿಟೀಲು

ಶಾಲೆಯಿಂದ ಬಂದ ನೀಲಾವತಿ ಸೆರಗಿಗೆ ಅಂಟಿದ ಚಾಕ್ ಪುಡಿ ಕೊಡವುತ್ತ ಕೋಣೆಗೆ ಕಾಲಿಟ್ಟವಳು ಅಲ್ಲೇ ನಿಂತಳು. ಅಟ್ಟದಲ್ಲಿರಬೇಕಾದ ಪಿಟೀಲಿನ ಪೆಟ್ಟಿಗೆ ಮಂಚದ ಮೇಲಿತ್ತು. ಗಂಡ ಮೇದಪ್ಪ ಹೆಗಲ ಮೇಲಿನ ಬೈರಾಸಿನಿಂದ ಅದರ ಧೂಳು ಒರಸುತ್ತಿದ್ದ.

“ಇದನ್ನು ಯಾಕೆ ಇಳಿಸಿದ್ದು?”

“ನಾಳೆ ಪುತ್ತೂರಿಗೆ ತಕೊಂಡು ಹೋಗ್ಲಿಕ್ಕೆ ಉಂಟು,” ಎಂದ, ಮುಖ ನೋಡದೆ. ಕಿವಿ ಮಾತ್ರ ಕೆಂಪಾಗಿತ್ತು.

ಮಾರಲಿಕ್ಕೆ! ನೀಲಾವತಿಗೆ ಬೇರೆ ಅರ್ಥ ಹೊಳೆಯಲಿಲ್ಲ. ಬೇಡ ಎನ್ನೋಣವೆಂದರೆ ಯಾವ ಬಾಯಿಂದ? ಅಟ್ಟಕ್ಕೆ ಹಾಕಿದವಳು ತಾನೇ.

ಮದುವೆಯಾದ ಹೊಸತು. ಒಂದು ಮಧ್ಯಾಹ್ನ ಇದೇ ಕೋಣೆಯಲ್ಲಿ, ಇವನಿಗೆಂದೇ ನುಡಿಸಲು ಕುಳಿತಿದ್ದಳು. ಕಮಾನು ಎರಡು ಸಲ ಎಳೆದಿರಲಿಲ್ಲ, ಈ ಮಹಾರಾಯ ಎದ್ದು ಹೊರಗೆ ಹೋದ! ಅಂದೇ ಪೆಟ್ಟಿಗೆ ಮುಚ್ಚಿದಳು. ಆಮೇಲೆ ಶಾಲೆ, ದನದ ಹಟ್ಟಿ, ಮಗು, ಅತ್ತೆಯ ಕಷಾಯ. ತಲೆ ತುರಿಸಲೂ ಪುರುಸೊತ್ತಿಲ್ಲ. ಗಂಡ ಕೆಟ್ಟವನಲ್ಲ. ಆದರೆ ತನ್ನನ್ನು ಮೆಚ್ಚಿದ್ದಾನೋ, ಬರೀ ಸಹಿಸಿಕೊಂಡಿದ್ದಾನೋ ಎಂಬುದೇ ಅವಳಿಗೆ ತಿಳಿಯದು.

ಮರುದಿನ ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಅವಳೇ ತಪ್ಪಿದಳು. ಮಕ್ಕಳು ಕಿಸಕ್ಕೆಂದರು.

ಸಂಜೆ ಬಸ್ಸಿಳಿದು ಬಂದ ಮೇದಪ್ಪನ ಕಂಕುಳಲ್ಲಿ ಪೆಟ್ಟಿಗೆ ಹಾಗೇ ಇತ್ತು.

“ಗಿರಾಕಿ ಸಿಕ್ಕಲಿಲ್ವಾ?”

“ಎಂತ ಗಿರಾಕಿ? ತಂತಿ ಹಾಕಿಸಿದ್ದು ಮಾರಾಯ್ತಿ!”

“ತಂತಿಯಾ? ಯಾರಿಗೆ?”

“ನನಗಾ ಮತ್ತೆ? ಸೌಟು ಹಿಡಿದ್ರೂ, ಮಗುವನ್ನು ತಟ್ಟಿದ್ರೂ ನಿನ್ನ ಎಡಗೈ ಬೆರಳು ತಂತಿ ಒತ್ತಿದ ಹಾಗೆ ಓಡ್ತಾ ಇರ್ತದೆ. ನಾನು ನೋಡುದಿಲ್ಲ ಅಂತ ಗ್ರಹಿಸಿದ್ಯಾ?”

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಬಾಯಿಂದ ಹೊರಬಿದ್ದದ್ದು ಮಾತ್ರ ಜಗಳ. “ಅವತ್ತು ಎದ್ದು ಹೋದದ್ದು ಯಾರು?”

“ಅಮ್ಮ ಜಗಲಿಯಲ್ಲಿ ಇದ್ರಲ್ಲ! ಹೊಸ ಮದುಮಗ ಹಾಡುಹಗಲಲ್ಲಿ ಹೆಂಡತಿ ಎದುರು ಕೂತ್ರೆ ಎಂತ ಹೇಳಿಯಾರು? ಹಟ್ಟಿಯ ಹಿಂದೆ ನಿಂತು ಕೇಳುವ ಅಂತ ಹೋದೆ. ಅಷ್ಟರಲ್ಲಿ ನೀನು ನಿಲ್ಲಿಸಿದೆ.”

“ನೀವು ಹೋದದ್ದಕ್ಕೆ ನಿಲ್ಲಿಸಿದ್ದು!”

“ನನಗೋಸ್ಕರ ನುಡಿಸ್ಲಿಕ್ಕೆ ನಿನಗೆ ಮನಸ್ಸಿಲ್ಲ ಅಂತ ನಾನು ಗ್ರಹಿಸಿದೆ.”

ಇಷ್ಟು ವರ್ಷ! ಯಾರ ಮೇಲೆ ಸಿಟ್ಟಾಗುವುದೆಂದೇ ಅವಳಿಗೆ ಗೊತ್ತಾಗಲಿಲ್ಲ.

“ದಿನಾ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ನುಡಿಸಿದ್ರೆ ಸಾಕು, ನೀಲಾ. ಅಷ್ಟು ಹೊತ್ತು ಮಗುವನ್ನು ನಾನು ನೋಡ್ತೇನೆ.”

ಅವಳು ಕಮಾನು ಎತ್ತಿದಳು. ಬೆರಳುಗಳು ಬಿಗಿದುಕೊಂಡಿದ್ದವು; ಮೊದಲ ಸ್ವರ ಬಾಗಿಲ ಕೀಲಿನಂತೆ ಕಿರುಗುಟ್ಟಿತು. ಆಗಲೇ ಜಗಲಿಯಲ್ಲಿ ಅತ್ತೆ ಕೆಮ್ಮಿದರು. ಮೇದಪ್ಪ ಥಟ್ಟನೆ ಎದ್ದ. ನೀಲಾವತಿಯ ಕೈ ನಿಂತಿತು.

ಅವನು ಹೊರಗೆ ಹೋಗಲಿಲ್ಲ. ಚಾಪೆ ಎಳೆದು, ಅಮ್ಮನಿಗೆ ಕಾಣುವ ಹಾಗೆ ಬಾಗಿಲಲ್ಲೇ ಹಾಸಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೆಂಡತಿಗೆ ಎದುರಾಗಿ ಕುಳಿತ.

“ಮೇದಪ್ಪ,” ಜಗಲಿಯಿಂದ ಸ್ವರ ಬಂತು, “ಸ್ವಲ್ಪ ಆಚೆ ಸರಿ. ನೀನು ಬಾಗಿಲಿಗೆ ಅಡ್ಡ ಕೂತ್ರೆ ನನಗೆ ಕೇಳುದು ಹೇಗೆ?”