ಇಲಿ ಡಾಕ್ಟರ್ ಹೇಳಿದ ಸುಳ್ಳು

"ಈ ಹಸಿರು ತುಂಡು ಸುಳ್ಳು ಹೇಳುತ್ತೆ ಮೇಡಂ!"

ಅವಳು ತಂದಿದ್ದ ಮೌಸ್ ಅಡಾಪ್ಟರನ್ನು ಕಂಪ್ಯೂಟರ್ ರಿಪೇರಿಯವನು ಎರಡು ಬೆರಳಲ್ಲಿ ಎತ್ತಿ ಹಿಡಿದ, ಕದ್ದವನ ಕಿವಿ ಹಿಡಿದಂತೆ.

"ಮೌಸ್ ಮಾರಿದವನು ಇದೇ ಸಾಕು ಅಂದ..." ಅವಳು ಬೆವರು ಒರೆಸಿಕೊಂಡಳು. ಅಕ್ಕನ ಹಳೆಯ ಕಂಪ್ಯೂಟರನ್ನು ಆಟೋದಿಂದ ಇಳಿಸಿ ಒಬ್ಬಳೇ ಎರಡು ಮಹಡಿ ಹತ್ತಿಸಿದ್ದಳು.

"ನಿಮ್ಮದು ಹೊಸ ಚಪ್ಪಟೆ ಪಿನ್ನಿನ ಮೌಸು. ಕಂಪ್ಯೂಟರಿನದು ಹಳೇ ದುಂಡು ತೂತು. ಈ ತುಂಡು ಆಕಾರ ಮಾತ್ರ ಬದಲಾಯಿಸುತ್ತೆ, ಭಾಷೆ ಬದಲಾಯಿಸಲ್ಲ. ಎರಡೂ ಭಾಷೆ ಬಲ್ಲ ಮೌಸ್ ಆದ್ರೆ ಸರಿ, ಇಲ್ಲದಿದ್ರೆ ಇಬ್ಬರೂ ಪಕ್ಕದಲ್ಲೇ ಕೂತು ಮಾತಾಡದ ಅತ್ತೆ ಸೊಸೆ!"

ಆಮೇಲೆ ಅವನು ಯಂತ್ರದ ದನಿಯಲ್ಲೇ ಶುರುಮಾಡಿದ. "ಕುರ್ರ್ರ್... ಟಕ್ ಟಕ್... ಬೀಪ್!"

ಅಕ್ಕನ ಕಂಪ್ಯೂಟರ್ ಎದ್ದೇಳುವ ಸದ್ದು, ಅಚ್ಚು ಅದೇ! ಅವಳು ನಕ್ಕುಬಿಟ್ಟಳು. ಮರುಕ್ಷಣವೇ ನಾಚಿಕೆಯಾಯಿತು. ಅಕ್ಕ ಸತ್ತು ನಾಲ್ಕು ತಿಂಗಳೂ ಆಗಿಲ್ಲ... ನಾನು ನಗುತ್ತಿದ್ದೇನಾ?

ಬೀದಿಯವರೆಲ್ಲ ಅವನನ್ನು 'ಇಲಿ ಡಾಕ್ಟರ್' ಎನ್ನುತ್ತಿದ್ದರು. ಅಂಗಡಿಯ ಗೋಡೆ ತುಂಬ ಬಾಲ ಕಟ್ಟಿ ನೇತುಹಾಕಿದ ಸತ್ತ ಮೌಸುಗಳು.

"ಒಳಗೆ ಅಕ್ಕ ಬರೆದ ಚಿತ್ರ ಇದೆ," ಅವಳು ಮೆಲ್ಲನೆ ಹೇಳಿದಳು. "ಅಮ್ಮನ ಮುಖ. ತೋರಿಸೋ ಮುಂಚೆಯೇ ಅಕ್ಕ ಹೋದಳು. ಆ ಫೈಲು ಬೇರೆ ಯಾವುದರಲ್ಲೂ ತೆರೆಯಲ್ಲ, ಮೌಸ್ ಇಲ್ಲದೆ ಆ ಪ್ರೋಗ್ರಾಂ ಅಲ್ಲಾಡಲ್ಲ. ಅಮ್ಮನ ಕಣ್ಣಿನ ನರ ಒಣಗ್ತಿದೆಯಂತೆ... ಇನ್ನೆರಡು ವಾರ ಮಾತ್ರ ಕಾಣುತ್ತೆ ಅಂದಿದ್ದಾರೆ ಡಾಕ್ಟರು."

ಅವನ ತಮಾಷೆ ನಿಂತಿತು.

"ದುಂಡು ಪಿನ್ನಿನ ಮೌಸು ಬದುಕಿರೋದು ನನ್ನ ಹತ್ರ ಒಂದೂ ಇಲ್ಲ. ಎರಡು ಭಾಷೆ ಬಲ್ಲ ಒಂದು ದುಭಾಷಿ ಚಿಪ್ ಕೂರಿಸ್ತೀನಿ ಮೇಡಂ. ಐದು ದಿನ ಕೊಡಿ."

ದಿನವೂ ಸಂಜೆ ಪಾಠ ಮುಗಿಸಿ ಶಾಲೆ ಬಿಟ್ಟೊಡನೆ ಅವಳು ಬಂದು ಕೂರುತ್ತಿದ್ದಳು. ಅವನು ಬೆಸುಗೆ ಹಾಕುತ್ತ ಅವಳ ಹೆಡ್‌ಮಾಸ್ಟರರ ದನಿಯಲ್ಲಿ "ಟೀಚರ್, ನಿಮ್ಮ ನೋಟ್ಸ್ ಎಲ್ಲಿ?" ಎಂದು ಗದರುತ್ತಿದ್ದ. ಆ ಹೆಡ್‌ಮಾಸ್ಟರರನ್ನು ಅವನು ನೋಡಿಯೇ ಇರಲಿಲ್ಲ! ಅವಳು ವರ್ಣಿಸಿದಷ್ಟರಿಂದಲೇ ಅಷ್ಟು ನಿಖರ.

ಇವನು ಇಷ್ಟು ಕಿವಿಗೊಟ್ಟು ಕೇಳುತ್ತಾನಾ ನನ್ನ ಮಾತನ್ನು?

ನಾಲ್ಕನೆಯ ಸಂಜೆ ಪರದೆ ಬೆಳಗಿತು. ಬಾಣದ ಗುರುತು ಚೂರು ಚಲಿಸಿ ನಿಂತುಬಿಟ್ಟಿತು. ಅಷ್ಟರಲ್ಲಿ ಫೋನ್ ಬಂದು ಅವನು ಒಳಗೆ ಹೋದ.

ಅವಳಿಗೆ ತಡೆಯಲಾಗಲಿಲ್ಲ. ಮೌಸಿನ ಪಿನ್ನನ್ನು ಕಂಪ್ಯೂಟರಿನ ಹಿಂದಿನಿಂದ ಕಿತ್ತು ಮತ್ತೆ ಒತ್ತಿದಳು. ಮನೆಯಲ್ಲಿ ಎಲ್ಲರೂ ಮಾಡುವಂತೆ. ಬಾಣ ಕದಲಲಿಲ್ಲ.

ತಿರುಗಿದರೆ ಅವನು ಬಾಗಿಲಲ್ಲಿ ನಿಂತಿದ್ದ. ಮುಖ ಬಿಳಿಚಿತ್ತು.

"ಏನಾಯ್ತು?"

"ಏನಿಲ್ಲ... ನಾಳೆ ಬನ್ನಿ ಟೀಚರ್."

ಮರುದಿನ ಅವನು ತಲೆಯೆತ್ತಲಿಲ್ಲ. "ನನ್ನ ಕೈ ಜಾರಿತು. ತೂತಿನ ಹಿಂದಿನ ಫ್ಯೂಸೂ ಹೋಯ್ತು, ದುಭಾಷಿ ಚಿಪ್ಪೂ ಹೋಯ್ತು. ಹೊಸದು ಬರೋಕೆ ಹತ್ತು ದಿನ."

"ಹತ್ತು ದಿನಾನಾ?!"

"ಹೌದು..."

"ಎಲ್ಲದರ ದನಿಯನ್ನೂ ಅಣಕಿಸ್ತೀರಲ್ಲ, ಕೆಲಸವನ್ನೂ ಅಣಕಿಸಿದ್ರಾ? ನಮ್ಮಮ್ಮನ ಕಣ್ಣು ನಿಮ್ಮ ಕೈಲಿತ್ತು! ಇನ್ನು ನಿಮ್ಮ ಮುಖ ನೋಡಲ್ಲ ನಾನು!"

ಅವನು ಸುಟ್ಟ ಚಿಪ್ಪನ್ನು ಎತ್ತಿ ಬದಿಗಿಟ್ಟ.

ಎಂಟು ದಿನ ಕಳೆದವು. ಒಂಬತ್ತನೆಯ ಬೆಳಿಗ್ಗೆ ಅಮ್ಮ ಹಾಸಿಗೆಯಲ್ಲಿ ಎದ್ದು ಕೂತರು.

"ಪುಟ್ಟೀ, ಇನ್ನೂ ಬೆಳಗಾಗಿಲ್ವೇನೇ?"

ಕಿಟಕಿಯಿಂದ ಬಂದ ಬಿಸಿಲು ಅಮ್ಮನ ಮುಖದ ಮೇಲೆಯೇ ಬಿದ್ದಿತ್ತು.

ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅತ್ತರೆ ಅಮ್ಮನಿಗೆ ಕೇಳಿಸುತ್ತದೆ. ಈಗ ಅವರಿಗೆ ಉಳಿದಿರುವುದು ಕೇಳುವುದಷ್ಟೇ...

ಹನ್ನೊಂದನೆಯ ದಿನ ಕಂಪ್ಯೂಟರ್ ಮನೆಬಾಗಿಲಿಗೆ ಬಂತು. ಇಟ್ಟವನು ಬೆಲ್ ಒತ್ತಿ, ಅವಳು ಹೊರಬರುವ ಮುಂಚೆಯೇ ಮೆಟ್ಟಿಲಿಳಿದು ಹೋಗಿದ್ದ.

ಇನ್ನು ಯಾರಿಗೆ ಬೇಕು ಇದು? ಆದರೂ ಜೋಡಿಸಲು ಕೂತಳು. ಹಿಂಬದಿಯಲ್ಲಿ, ದುಂಡು ತೂತಿನ ಪಕ್ಕ, ಒಂದು ಚೀಟಿ ಅಂಟಿಸಿತ್ತು. ಅಂದವಾದ ಕೈಬರಹ.

"ಮೌಸನ್ನು ಕೀಳುವ, ಹಾಕುವ ಮುಂಚೆ ಕಂಪ್ಯೂಟರ್ ಆಫ್ ಮಾಡಿ. ಆನ್ ಇರುವಾಗ ಕಿತ್ತು ಹಾಕಿದರೆ ಫ್ಯೂಸ್ ಸುಡುತ್ತದೆ."

ಅವಳ ಕೈ ಅಲ್ಲೇ ನಿಂತಿತು.

ನಾಲ್ಕನೆಯ ಸಂಜೆ... ಪರದೆ ಆನ್ ಇತ್ತು. ಕಿತ್ತವಳು ನಾನು. ಹಾಕಿದವಳೂ ನಾನೇ! ಅವನ ಕೈ ಜಾರಲೇ ಇಲ್ಲ...

ಚಪ್ಪಲಿ ಬೇರೆ ಬೇರೆ ಜೋಡಿಯದು ಎಂಬುದು ಅವಳಿಗೆ ಅಂಗಡಿ ಮುಟ್ಟಿದ ಮೇಲೆಯೇ ಗೊತ್ತಾಯಿತು.

"ಯಾಕೆ ಸುಳ್ಳು ಹೇಳಿದ್ರಿ?!"

ಅವನು ಕೈಲಿದ್ದ ಬೆಸುಗೆಕೋಲನ್ನು ಕೆಳಗಿಟ್ಟ. "ಚೀಟಿ ನೋಡಿದ್ರಾ? ಅಂಟಿಸೋದು ಬೇಡ ಅಂತಾನೇ ಇದ್ದೆ. ಆದ್ರೆ ಮತ್ತೆ ಸುಟ್ಟರೆ ಚಿತ್ರ ಕಾಣೋದು ಹೇಗೆ..."

"ನಾನು ಕೇಳಿದ್ದಕ್ಕೆ ಹೇಳಿ!"

"ಅಮ್ಮನಿಗೆ ಕಾಣದೇ ಹೋದ್ರೆ ಯಾರಾದ್ರೂ ಒಬ್ಬರು ಬೈಸಿಕೊಳ್ಳಬೇಕಿತ್ತು ಟೀಚರ್. ನಾನು ಹೊರಗಿನವನು. ನನ್ನನ್ನು ಬೈದು ಬಾಗಿಲು ಹಾಕ್ಕೊಬಹುದು. ನಿಮ್ಮನ್ನ ನೀವೇ ಬೈಯ್ಕೊಂಡ್ರೆ... ಎಲ್ಲಿಗೆ ಅಂತ ಹೋಗ್ತೀರಿ?"

ಅವಳು ಗೋಡೆಗೆ ಒರಗಿ ಕುಸಿದು ಕೂತಳು. ಹನ್ನೊಂದು ದಿನದ ಅಳು ಒಟ್ಟಿಗೆ ಬಂತು. ಅವನು ಸಮಾಧಾನ ಮಾಡಲಿಲ್ಲ, ಯಾರ ದನಿಯನ್ನೂ ಅಣಕಿಸಲಿಲ್ಲ. ಸುಮ್ಮನೆ ಪಕ್ಕದಲ್ಲಿ ನೆಲದ ಮೇಲೆ ಕೂತ.

ಅತ್ತು ಮುಗಿದಾಗ ಅವಳ ಕಣ್ಣು ಗೋಡೆಯ ಮೇಲಿನ ಆ ಉದ್ದುದ್ದ ಬಾಲಗಳ ಮೇಲೆ ನಿಂತಿತು.

"ಈ ವೈರುಗಳ ಒಳಗೆ ತೆಳ್ಳನೆ ತಾಮ್ರ ಇರುತ್ತೆ ಅಲ್ವಾ?"

"ಇರುತ್ತೆ. ಯಾಕೆ?"

"ಅಕ್ಕನ ಚಿತ್ರದ ಗೆರೆಗೆ ಬೇಕು... ಅಮ್ಮ ಮುಟ್ಟಿ ನೋಡೋಕೆ."

ಭಾನುವಾರ ಮಧ್ಯಾಹ್ನ ಅಮ್ಮನ ಕೋಣೆಯಲ್ಲಿ ಕಂಪ್ಯೂಟರ್ ಆನ್ ಆಯಿತು. ಕುರ್ರ್ರ್... ಟಕ್ ಟಕ್... ಬೀಪ್!

ಅಮ್ಮ ತಟ್ಟನೆ ಮುಖ ತಿರುಗಿಸಿದರು. "ದೊಡ್ಡವಳು... ಕೆಲಸಕ್ಕೆ ಕೂತಳು."

ಅವಳು ಮೌಸ್ ಹಿಡಿದಳು. ಬಾಣ ಸರಾಗವಾಗಿ ಓಡಿತು, ಚಿತ್ರ ತೆರೆಯಿತು. ಬರಿಯ ಗೆರೆಗಳ ಮುಖ. ಅದನ್ನು ಅಚ್ಚು ಹಾಕಿ ದಪ್ಪ ರಟ್ಟಿಗೆ ಅಂಟಿಸಿದರು. ಅವನು ತಾಮ್ರದ ಎಳೆಗಳನ್ನು ತಂತಿಯಾಗಿ ಹೊಸೆದು ಬಾಗಿಸಿದ, ಅವಳು ಗೆರೆಯ ಮೇಲೆ ಅಂಟಿಸಿದಳು. ಸಂಜೆಯಾಗುವಷ್ಟರಲ್ಲಿ ಮುಗಿಯಿತು.

ಅಮ್ಮನ ಬೆರಳು ಹಣೆಯಿಂದ ಇಳಿಯಿತು. ಮೂಗಿನ ಹತ್ತಿರ ನಿಂತಿತು.

"ನನ್ನ ಸೊಟ್ಟ ಮೂಗು! ಬರೀಬೇಡ ಕಣೇ ಅಂದಿದ್ದೆ. ಮಾತು ಕೇಳಿದಳಾ ನೋಡು!"

ನಗುತ್ತ ನಗುತ್ತಲೇ ಅಮ್ಮ ರಟ್ಟನ್ನು ಎದೆಗೊತ್ತಿಕೊಂಡು ಬಿಕ್ಕಿದರು. ಬಹಳ ಹೊತ್ತಿನ ಮೇಲೆ ಕೇಳಿದರು, "ಪುಟ್ಟೀ, ಈ ತಂತಿ ಎಲ್ಲೂ ಚುಚ್ಚಲ್ವಲ್ಲೇ. ತುದಿಗಳನ್ನೆಲ್ಲ ಮಡಚಿದವರು ಯಾರು?"

"ಇಲ್ಲೇ ಇದ್ದಾರಮ್ಮ."

"ಊಟಕ್ಕೆ ಇರು ಅನ್ನು."

ಅವನು ಅಡುಗೆಮನೆಯ ಬಾಗಿಲವರೆಗೆ ಅವಳ ಹಿಂದೆ ಬಂದ. ಅವಳು ತಿರುಗಲಿಲ್ಲ.

"ಇನ್ಮೇಲೆ ನನ್ನ ತಪ್ಪನ್ನ ನೀವು ಹೊರಬೇಡಿ."

"ಆಗಲ್ಲ ಟೀಚರ್."

"ಯಾಕೆ?"

"ಪ್ರೀತಿ ಮಾಡ್ತೀನಲ್ಲ..."

ಈ ಸಲ ಅದು ಯಾರ ದನಿಯೂ ಆಗಿರಲಿಲ್ಲ. ಅವನದೇ.

ಅವಳು ಎರಡನೆಯ ತಟ್ಟೆಯ ಪಕ್ಕ ಮೂರನೆಯದನ್ನು ಇಟ್ಟಳು.

"ಹಾಗಾದ್ರೆ ಅರ್ಧ ಹೊರಿ. ಇನ್ನರ್ಧ ನನಗೆ ಬಿಡಿ."