ನಾಲ್ಕನೇ ಪೆಟ್ಟಿಗೆಯ ಮೌನ

ಬಾಲಿಯ ಆ ಜ್ವಾಲಾಮುಖಿ ಬೆಟ್ಟದ ಕೊರಕಲಿನಲ್ಲಿ ನೀರಿನ ಮಟ್ಟ ಅಳೆಯುವ ಏಳು ಪೆಟ್ಟಿಗೆಗಳಿದ್ದವು. ಮೇಲೆ ನೀರು ಏರಿದರೆ ಒಂದು ಇನ್ನೊಂದಕ್ಕೆ ಗಾಳಿಯಲ್ಲೇ ಸುದ್ದಿ ದಾಟಿಸುತ್ತಿತ್ತು. ಕೊನೆಗೆ, ಕೆಳಗೆ ಮರಳು ತೆಗೆಯುವವರ ಪಕ್ಕದ ಸೈರನ್ ಕೂಗುತ್ತಿತ್ತು. ಅಂದು ಬೆಳಿಗ್ಗೆ ನಡುವಿನ ನಾಲ್ಕನೆಯದು ಸುಮ್ಮನಾಯಿತು. ಅದರ ಮೇಲಿನ ಮೂರರ ಸುದ್ದಿಯೂ ನಿಂತಿತು.

ಪೆಟ್ಟಿಗೆಗಳನ್ನು ನೆಟ್ಟು ಅಧ್ಯಯನ ನಡೆಸುತ್ತಿದ್ದ ಲುಹ್ ಸುವಾಸ್ತಿ ಬ್ಯಾಟರಿಯನ್ನು ಬೆನ್ನಿಗೇರಿಸಿದಳು. ಅವಳು ಬ್ಲಿ, ಅಂದರೆ ಅಣ್ಣ, ಎಂದು ಕರೆಯುವ, ಹುಲ್ಲು ಕೊಯ್ಯುವ ಕಾಂತ ಹಗ್ಗ ಹಿಡಿದು ಮುಂದೆ ನಡೆದ. ಅವನ ಹೆಂಡತಿ ಲುದ್ರಿ ಕೆಳಗೆ ಮರಳು ಹೊರುತ್ತಿದ್ದಳು.

"ಇವತ್ತು ಹೋಗ್ಬೇಡ ಅಂತ ಲುದ್ರಿಗೆ ಅಂದೆ, ಲುಹ್. ಸೈರನ್ ಕೂಗಿದ್ರೆ ಬರ್ತೀನಿ ಅಂತಾಳೆ. ಗಂಡನಿಗಿಂತ ನಿನ್ನ ಪೆಟ್ಟಿಗೇನೇ ಹೆಚ್ಚು!"

"ನೀನು ಹೇಳಿದಷ್ಟು ಸುಳ್ಳು ಅದು ಹೇಳಿಲ್ವಲ್ಲ, ಬ್ಲಿ."

ಎರಡೂ ಕಡೆ ಕಪ್ಪು ಬಂಡೆಯ ಗೋಡೆ, ಅದರ ಬಿರುಕುಗಳಲ್ಲಿ ಜರಿಗಿಡ, ಕಾಲ ಕೆಳಗೆ ಹಿಟ್ಟಿನಂತೆ ಜಾರುವ ಹಳೆಯ ಬೂದಿ. ಮಧ್ಯಾಹ್ನದ ಹೊತ್ತಿಗೆ ಮೋಡ ಶಿಖರವನ್ನು ನುಂಗಿ, ಕಾಡಿನ ಮೇಲೆ ನಿಧಾನವಾಗಿ ಇಳಿಯತೊಡಗಿತು.

"ಮೇಲೆ ಮಳೆ ಸುರೀತಿದೆ. ಬೇಗ!" ಎಂದ ಕಾಂತ.

ಸುವಾಸ್ತಿಯ ಕಾಲಡಿ ಕಲ್ಲು ಕಳಚಿತು. ಅವಳು ಜಾರಿದಳು. ಕಾಂತ ಅವಳ ಸೊಂಟಕ್ಕೆ ಕಟ್ಟಿದ್ದ ಹಗ್ಗವನ್ನು ಬಿಗಿಹಿಡಿದ. ಅವಳು ಮರದ ಬೇರು ಹಿಡಿದು ಮೇಲೆ ಬಂದಳು. ಮೊಣಕಾಲು ಸುಲಿದಿತ್ತು, ಬ್ಯಾಟರಿ ಉಳಿದಿತ್ತು.

ಬಂಡೆಯ ಅಂಚಿನಲ್ಲಿ, ಕಂಬದ ಮೇಲೆ, ನಾಲ್ಕನೇ ಪೆಟ್ಟಿಗೆ ಸಿಕ್ಕಿತು. ದೇವರ ಕಲ್ಲಿಗೆ ಸುತ್ತುವ ಕಪ್ಪು-ಬಿಳಿ ಚೌಕಳಿ ಬಟ್ಟೆಯನ್ನು ಯಾರೋ ಅದರ ತಲೆಯ ತನಕ ಬಿಗಿದಿದ್ದರು. ಬಿಸಿಲು ಹೀರುವ ಫಲಕ ಪೂರ್ತಿ ಮುಚ್ಚಿಹೋಗಿತ್ತು. ಮೇಲೊಂದು ಚೆಂಡುಹೂವು.

ಕಾಂತ ಹಣೆ ಚಚ್ಚಿಕೊಂಡ. "ನಮ್ಮ ದದೋಂಗ್ ರೆಂಪಿ! ಅಜ್ಜಿದೇ ಕೆಲಸ!"

ಸುವಾಸ್ತಿ ಬಟ್ಟೆಯನ್ನು ಕಿತ್ತೆಸೆಯಲಿಲ್ಲ. ಬಿಚ್ಚಿ, ಕಂಬದ ನಡುವಿಗೆ ಕಟ್ಟಿದಳು. ಬ್ಯಾಟರಿ ಬದಲಿಸಿದಳು. 

ಹಸಿರು ದೀಪ ಮಿನುಗಿತು. ಅವಳ ಕೈಯಲ್ಲಿದ್ದ ಯಂತ್ರದಲ್ಲಿ ಎಲ್ಲಕ್ಕಿಂತ ಮೇಲಿನ ಏಳನೆಯದರ ಸುದ್ದಿ ಮೂಡಿತು: ನೀರು ಆಳೆತ್ತರ.

ದೂರದಲ್ಲಿ, ಕೆಳಗೆ, ಸೈರನ್ ಕೂಗಿತು.

"ಓಡು ಲುದ್ರಿ, ಓಡು," ಎಂದು ಕಾಂತ ಪಿಸುಗುಟ್ಟಿದ. ಸ್ವಲ್ಪ ಹೊತ್ತಿನಲ್ಲೇ ಬಂಡೆಗಳನ್ನು ಉರುಳಿಸುತ್ತ ಕಪ್ಪು ಕೆಸರು ಅವರು ನಿಂತಿದ್ದ ಬಂಡೆಯ ಕೆಳಗೇ ನುಗ್ಗಿಹೋಯಿತು.

ಇಬ್ಬರೂ ಕೊರಕಲಿನ ಮೇಲಂಚಿನ ದಾರಿಯಲ್ಲಿ ಏಳುತ್ತ ಬೀಳುತ್ತ ಇಳಿದರು. ಮರಳಿನವರೆಲ್ಲ ದಡದ ಮೇಲಿದ್ದರು. ಕಾಂತನನ್ನು ಕಂಡ ಲುದ್ರಿ, "ಬದುಕಿದ್ದೀಯಾ? ನನ್ನ ಬುಟ್ಟಿ ಹೋಯ್ತು ನೋಡು!" ಎಂದು ಬೈದು, ಅವನ ತೋಳು ಬಿಡಲೇ ಇಲ್ಲ.

ಬಟ್ಟೆಯ ಸಂಗತಿ ಕೇಳಿ, ದಡಕ್ಕೆ ಅನ್ನ ತಂದಿದ್ದ ದದೋಂಗ್ ರೆಂಪಿಯ ಮುಖ ಬಾಡಿತು. "ನಮ್ಮನ್ನ ಕಾಯುತ್ತೆ. ಬರೀ ಮೈಯಲ್ಲಿ ನಿಲ್ಲಿಸೋದಾ ಅಂತ..."

"ಸೊಂಟಕ್ಕೆ ಸುತ್ತಿ, ದದೋಂಗ್. ಮುಖಕ್ಕೆ ಬೇಡ. ಬಿಸಿಲೇ ಅದರ ಊಟ."

"ಅಯ್ಯೋ, ಉಪವಾಸ ಕೆಡವಿದ್ನಾ!" ಅಜ್ಜಿ ಬಾಳೆಲೆಯ ಅನ್ನದ ಪೊಟ್ಟಣ ಬಿಚ್ಚಿದಳು. "ನೀನಾದ್ರೂ ತಿನ್ನು ಮಗಳೇ."

ಲುದ್ರಿ ಸರಿದು ಜಾಗ ಕೊಟ್ಟಳು. ಅವಳ ಕೂದಲಲ್ಲಿ ಇನ್ನೂ ಮರಳಿತ್ತು. ಸುವಾಸ್ತಿ ಅವಳ ಭುಜಕ್ಕೆ ಭುಜ ತಾಗಿಸಿ ಕೂತು ಮೊದಲ ತುತ್ತು ಎತ್ತಿದಳು.