ರಬ್ಬರ್ ಅಂಚು ಮಡಚಿದವಳು

ಬೈನಾಕ್ಯುಲರ್ ಸುಳ್ಳು ಹೇಳಲ್ಲ, ಗಂಡಸರು ಹೇಳ್ತಾರೆ. ಬಂದರಿನ ಉಪಕರಣದ ಕೋಣೆಯಲ್ಲಿ ಕೂತು ನಾನು ಕಲಿತದ್ದು ಇದು.

ಬೆಳಿಗ್ಗೆ ಕಾವಲು ಗೋಪುರದವನಿಗೆ ಬೈನಾಕ್ಯುಲರ್ ಕೊಡೋದು, ಸಂಜೆ ವಾಪಸ್ ತಗೊಂಡು ಒರೆಸಿಡೋದು ನನ್ನ ಕೆಲಸ. ಅವನದು ಅಗಲ ಮುಖ. ಹಾಗಾಗಿ ಎರಡೂ ಕೊಳವೆಗಳನ್ನು ದೂರ ಸರಿಸಿ, ಕಣ್ಣಿಗೆ ಒತ್ತೋ ರಬ್ಬರ್ ಅಂಚು ಮೇಲಕ್ಕೆತ್ತಿ, ಕುತ್ತಿಗೆ ನೋಯದ ಹಾಗೆ ಪಟ್ಟಿ ಸರಿಮಾಡಿ ಕೊಡ್ತೀನಿ.

"ನೀವು ಕೊಟ್ರೆ ಭಾರವೇ ಗೊತ್ತಾಗಲ್ಲ" ಅಂತಾನೆ. ಹಾಗನ್ನುವಾಗ ಬೈನಾಕ್ಯುಲರ್ ಕಡೆ ನೋಡಲ್ಲ, ನನ್ನ ಕಡೆ ನೋಡ್ತಾನೆ.

ಹೋದ ಭಾನುವಾರ ಮದುವೆ ಆಗ್ತೀರಾ ಅಂತ ಕೇಳಿದ. ಯೋಚಿಸಿ ಹೇಳ್ತೀನಿ ಅಂದೆ. ಯೋಚಿಸೋಕೆ ಏನೂ ಇರಲಿಲ್ಲ. ಸ್ವಲ್ಪ ಸತಾಯಿಸೋಣ ಅಂತ, ಅಷ್ಟೇ.

ಮಾರನೇ ಸಂಜೆ ವಾಪಸ್ ಬಂದ ಬೈನಾಕ್ಯುಲರ್ ನೋಡಿ ಎದೆ ಧಸಕ್ ಅಂತು. ಕೊಳವೆಗಳು ಹತ್ತಿರ ಸರಿದಿದ್ದವು, ರಬ್ಬರ್ ಅಂಚು ಕೆಳಗೆ ಮಡಚಿಕೊಂಡಿತ್ತು. ಅಂಚು ಮಡಚೋದು ಕನ್ನಡಕದವರು. ಅಂದ್ರೆ ಸಣ್ಣ ಮುಖ, ಕನ್ನಡಕ. ಹವಾಮಾನ ವಿಭಾಗಕ್ಕೆ ಹೊಸದಾಗಿ ಬಂದವಳಿಗೆ ಎರಡೂ ಇವೆ.

"ಇವತ್ತು ಮೇಲೆ ಯಾರಾದ್ರೂ ಬಂದಿದ್ರಾ?"

"ಅಲ್ಲಿಗೆ ಯಾರು ಬರ್ತಾರೆ? ಹಕ್ಕಿ ಬರ್ತವೆ" ಅಂತ ಕಿವಿ ಕೆರೆದುಕೊಂಡ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತು. ಕನ್ನಡಕ ಹಾಕೋ ಹಕ್ಕಿ ಯಾವುದಪ್ಪಾ?

ಮರುದಿನವೂ ಅದೇ ಕಥೆ. ಪಟ್ಟಿ ಬೇರೆ ಗಿಡ್ಡವಾಗಿತ್ತು. ನಾನು ಅಳತೆ ನೋಡಿ ಬಿಟ್ಟ ಪಟ್ಟಿ ಅದು. ಹೊಟ್ಟೆ ಉರೀತು. ಕ್ಯಾಂಟೀನಲ್ಲಿ ಹವಾಮಾನದವಳು ನನ್ನ ನೋಡಿ ನಕ್ಕಳು, ನಾನು ಗೋಡೆ ನೋಡಿದೆ. ರಾತ್ರಿ ದಿಂಬಿಗೆ ಮುಖ ಕೊಟ್ಟು ಅತ್ತೆ. ಅವನಿಗೆ ಹೂಂ ಅನ್ನಬೇಕು ಅಂತಿದ್ದ ಬಾಯಲ್ಲೇ ಬೇಡ ಅನ್ನಬೇಕಲ್ಲ ಅಂತ.

ಗುರುವಾರ ಮಧ್ಯಾಹ್ನ ಕೋಣೆಗೆ ಬೀಗ ಜಡಿದು ಗೋಪುರ ಹತ್ತಿದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವನ ದನಿ, ಬೆಣ್ಣೆ ಸವರಿದ ಹಾಗೆ.

"ಮೊಣಕೈ ಕಟ್ಟೆ ಮೇಲೆ ಊರು. ಆಗ ಕೈ ನಡುಗಲ್ಲ."

ಊರು ಅಂತೆ. ನನಗಿನ್ನೂ ನೀವು, ಅವಳಿಗಾಗಲೇ ನೀನು. ಬಾಗಿಲು ತಳ್ಳಿದೆ.

ಕನ್ನಡಕ ಹಾಕಿದ್ದ ವಯಸ್ಸಾದ ಹೆಂಗಸೊಬ್ಬರು, ಬೈನಾಕ್ಯುಲರನ್ನು ಸಮುದ್ರಕ್ಕಲ್ಲ, ಕೆಳಗಿನ ನನ್ನ ಕೋಣೆಗೆ ಹಿಡಿದು ನಿಂತಿದ್ದರು.

"ಎಲ್ಲಿ ಹೋದ್ಳೋ ಇವಳು? ಬಾಗಿಲಿಗೆ ಬೀಗ ಬಿದ್ದಿದೆ."

"ಇಲ್ಲೇ ಇದ್ದೀನಿ" ಅಂದೆ.

ಅವನ ಮುಖ ಬಿಳುಚಿಕೊಂಡಿತು. "ನಮ್ಮಮ್ಮ" ಅಂದ.

ಅಮ್ಮನಿಗೆ ಮಾತ್ರ ಯಾವ ಅಳುಕೂ ಇಲ್ಲ. "ಎದುರು ಕೂತ್ರೆ ಎಲ್ಲ ಹುಡುಗೀರೂ ಒಳ್ಳೆಯವರೇ ಕಣಮ್ಮ. ಯಾರೂ ನೋಡ್ತಿಲ್ಲ ಅಂತಿರುವಾಗ ಹೇಗಿರ್ತಾರೆ ಅಂತ ನೋಡ್ಬೇಕು. ಅದಕ್ಕೇ ಇವನನ್ನ ಪೀಡಿಸಿ ಬಂದೆ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ನನ್ನ ಕೇಳದೆ ನನ್ನ ನೋಡೋದು ಸರೀನಾ?" ಅಂತ ಅವನನ್ನೇ ಕೇಳಿದೆ. "ನಿಮ್ಮ ಹಕ್ಕಿ ಯಾರು ಅಂತ ನಾಲ್ಕು ದಿನ ನಾನು ಸತ್ತು ಹುಟ್ಟಿದ್ದೀನಿ."

"ತಪ್ಪಾಯ್ತು. ಹೀಗೆ ನೋಡೋದು ಬೇಡ ಅಂತ ನೀವು ಅಂದುಬಿಟ್ರೆ ಅಮ್ಮನಿಗೆ ಬೇಜಾರಾಗುತ್ತೆ ಅಂತ ನಿಮಗೆ ಹೇಳಲಿಲ್ಲ."

"ಸರಿ, ನೋಡಿದಿರಲ್ಲ" ಅಂತ ಅಮ್ಮನ ಕಡೆ ತಿರುಗಿದೆ. "ಏನು ಕಂಡಿತು?"

ಅಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡರು. "ಜೋರಿದ್ದೀಯ. ನಿನ್ನೆ ಲಾರಿಯವನನ್ನ ಚೆನ್ನಾಗಿ ಬೈದೆ. ಆದ್ರೆ ಇವನು ಮೇಲೆ ಹತ್ತಿದ ಮೇಲೆ ಗಳಿಗೆಗೊಮ್ಮೆ ಹೊರಗೆ ಬರ್ತೀಯ. ಈ ಗೋಪುರದ ಕಡೆ ನೋಡ್ತೀಯ, ಒಳಗೆ ಹೋಗ್ತೀಯ. ಮತ್ತೆ ಬರ್ತೀಯ. ಅಷ್ಟು ಸಾಕು ನನಗೆ."

ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಅವನು ಅಮ್ಮನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಹೌದಾ?" ಅಂದ, ಮೆಲ್ಲಗೆ. "ಹಾಗಾದ್ರೆ ನಿಮ್ಮ ಉತ್ತರ?"

"ನಿಮ್ಮಮ್ಮನ್ನೇ ಕೇಳಿ" ಅಂದೆ. "ನಾನು ಹೇಳೋಕೆ ಮುಂಚೆನೇ ಅವರಿಗೆ ಗೊತ್ತಾಗಿದೆ."